ಎಳೆ ಅಡ್ಡವಾದ ಹಿಡಿ

ಗರಗಸದ ಅಲಗನ್ನು ಹೊಗಳುವವರು ಊರ ತುಂಬ ಇದ್ದಾರೆ. ಬಗ್ಗಿಸುತ್ತಾರೆ, ಬೆರಳಲ್ಲಿ ತಟ್ಟಿ ಕಿವಿಯ ಹತ್ತಿರ ಹಿಡಿಯುತ್ತಾರೆ, ಆಹಾ ಅನ್ನುತ್ತಾರೆ. ಹಿಡಿಯ ಬೆಲೆ ಮಾತ್ರ ಬೆಳಗಿನಿಂದ ಸಂಜೆವರೆಗೆ ಮರ ಕೊಯ್ದವನಿಗೇ ಗೊತ್ತು. ಹಿಡಿ ಕೆಟ್ಟದಾಗಿದ್ದರೆ ಅಂಗೈಯೇ ಗುಳ್ಳೆಯೆದ್ದು ಹೇಳುತ್ತದೆ. ಬೇರೆಯವರೆಲ್ಲ ಪ್ಲಾಸ್ಟಿಕ್ ಹಿಡಿಗೆ ಶರಣಾಗುತ್ತಿದ್ದ ಕಾಲದಲ್ಲೂ ಶೆಫೀಲ್ಡಿನ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ಸೇಬಿನ ಮರದ ಹಿಡಿಯೇ. ಅದನ್ನು ಮಾಡುತ್ತಿದ್ದವನು ಹೆಡ್ಲಿ ಸ್ಟಾನಿಫೋರ್ತ್. ಅವನ ಹಿಡಿ ಹಿಡಿದರೆ ಹಳೇ ಗೆಳೆಯನ ಕೈ ಹಿಡಿದ ಹಾಗಿರುತ್ತಿತ್ತು. ಅವನ ಕೆಲಸವನ್ನು ಪರೀಕ್ಷಿಸುತ್ತಿದ್ದವಳು ಅವನ ಮಗಳು ಏವಿಸ್. ಅವಳು ಒಪ್ಪಿದ ಹಿಡಿಗೆ ಅಲಗು ಸೇರಿಸಿ ಹಿತ್ತಾಳೆ ತಿರುಪು ಬಿಗಿಯುವವನು ನಾನು, ರೆಗ್. ಮೂವರ ಬೆಂಚೂ ಒಂದೇ ಕಿಟಕಿಯ ಕೆಳಗೆ.

ನಮ್ಮಲ್ಲಿ ಒಂದು ಹಾಳು ಪದ್ಧತಿ. ಸರಿಯಿಲ್ಲದ ಹಿಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಾಡಿದವನ ತಲೆಯ ಮೇಲಿನ ಮೊಳೆಗೆ ಎಲ್ಲರಿಗೂ ಕಾಣುವಂತೆ ನೇತುಹಾಕಬೇಕು. ವಯಸ್ಸಾದವನಿಗೆ 'ಸಾಕಪ್ಪ, ಮನೆಗೆ ಹೋಗು' ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊಳೆ ದಿನವೂ ತುಂಬತೊಡಗಿದಾಗ ಅವನೇ ಏಪ್ರನ್ ಬಿಚ್ಚುತ್ತಾನೆ. ನಾವೆಲ್ಲ ಬೆಂಚು ಬಡಿದು ಗೌರವದಿಂದ ಕಳಿಸುತ್ತೇವೆ. ಮೊಳೆ ಖಾಲಿಯಿರುವಾಗಲೇ ಬಿಟ್ಟುಹೋದವನನ್ನು ಮೈಗಳ್ಳ ಅನ್ನುತ್ತೇವೆ. ಬೇರೆಯವರೇಕೆ, ನಾನೇ ಎಷ್ಟು ಜನಕ್ಕೆ ಅಂದಿದ್ದೇನೋ.

ಹೆಂಡತಿ ತೀರಿಹೋದ ಮೇಲೆ ಹೆಡ್ಲಿಯ ಹಿಡಿಗಳು ಕೆಡತೊಡಗಿದವು. ಒಂದರಲ್ಲಿ ಕೊಂಬು, ಅಂದರೆ ಹಿಡಿಯ ತುದಿಯ ಬಾಗು, ದಪ್ಪ; ಇನ್ನೊಂದರಲ್ಲಿ ಬೆರಳು ಕೂರುವ ಕಡೆಯೇ ಉಬ್ಬು. ಏವಿಸ್ ಗೆರೆ ಎಳೆಯಲಿಲ್ಲ. ಊಟದ ಹೊತ್ತಿಗೆ ಅಪ್ಪ ಪಬ್ಬಿನತ್ತ ಹೊರಟೊಡನೆ ಅವನದೇ ಅರ ತೆಗೆದುಕೊಂಡು ಉಜ್ಜಿ, ಉಪ್ಪುಕಾಗದ ತಿಕ್ಕಿ, ಸರಿಮಾಡಿ ನನಗೆ ದಾಟಿಸುತ್ತಿದ್ದಳು. ಹೆಣ್ಣೆಂದು ಅವಳಿಗೆ ಹಿಡಿ ಮಾಡುವ ಬೆಂಚು ಕೊಡಲಿಲ್ಲ, ಅಷ್ಟೆ. ಕೆಲಸವನ್ನು ಚಿಕ್ಕಂದಿನಲ್ಲೇ ಅಪ್ಪನ ಪಕ್ಕದಲ್ಲಿ ನಿಂತು ಕಲಿತಿದ್ದಳು.

"ಏನೇ ಇದು, ಕದ್ದು ಮಾಡೋ ಕೆಲ್ಸ?" ಎಂದು ಒಮ್ಮೆ ಕೇಳಿದೆ.

"ಅಮ್ಮ ಹೋದ್ಮೇಲೆ ಅಪ್ಪಂಗೆ ಉಳ್ದಿರೋದು ಈ ಬೆಂಚೊಂದೇ ಕಣೋ ರೆಗ್. ಇದನ್ನೂ ಕಿತ್ಕೊಂಡ್ರೆ ಮನೇಲಿ ಗೋಡೆ ನೋಡ್ಕೊಂಡು ಕೂತು ಸಾಯ್ತಾನೆ. ನೀನು ಬಾಯಿ ಮುಚ್ಕೊಂಡಿರು."

"ನನ್ನ ಬಾಯಿ ಮುಚ್ಬೇಕಾದ್ರೆ ಅದಕ್ಕೇನಾದ್ರೂ ಹಾಕ್ಬೇಕಮ್ಮ."

ಮರುದಿನ ಶುಂಠಿ ಕೇಕು ತಂದಳು. ನಾಚಿಕೆಯಿಲ್ಲದೆ ತಿಂದೆ.

ಅಪ್ಪನಿಗೆ ಮೋಸ ಮಾಡುತ್ತಿದ್ದೇನೆ ಎಂಬ ಸಂಕಟ ಅವಳಿಗೂ ಇತ್ತು. ಅವನು ಬಂದು "ಹಿಡಿ ಹೇಗಿದೆಯೇ?" ಎಂದಾಗಲೆಲ್ಲ ಕಿಟಕಿ ನೋಡಿಕೊಂಡು "ಚೆನ್ನಾಗಿದೆ ಅಪ್ಪ" ಅನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ಬೆಂಚಿಗೆ ಮರಳುತ್ತಿದ್ದ. ಹೊಗಳಿಕೆಗೆ ನಾಚಿಕೊಂಡ ಅಂದುಕೊಂಡೆವು. ನಮ್ಮಂಥ ದಡ್ಡರು ಇನ್ನೊಬ್ಬರಿಲ್ಲ.

ಹೀಗೇ ಎರಡು ಚಳಿಗಾಲ ಕಳೆದವು. ಆಮೇಲೊಂದು ದಿನ ಅವನು ಕೊಟ್ಟ ಹಿಡಿ ನೋಡಿ ಏವಿಸಳ ಮುಖ ಬಿಳಿಚಿಕೊಂಡಿತು. ಮರದ ಎಳೆ ಹಿಡಿಯ ಉದ್ದಕ್ಕೆ ಓಡಬೇಕು. ಇದರಲ್ಲಿ ಅಡ್ಡ ಓಡಿತ್ತು. ಅಂಥ ಹಿಡಿ ಒಮ್ಮೆ ಕೈಜಾರಿ ಬಿದ್ದರೆ ಸಾಕು, ಕೊಂಬು ಮುರಿದು ಎರಡಾಗುತ್ತದೆ. ನಿನ್ನೆ ಮೊನ್ನೆ ಸೇರಿದವನೂ ಮಾಡದ ತಪ್ಪು, ಅರ ಉಜ್ಜಿ ಸರಿಮಾಡುವಂಥದ್ದೂ ಅಲ್ಲ.

"ಅಪ್ಪಂಗೆ ಬುದ್ಧಿಯೂ ಮಂಕಾಯ್ತೇನೋ," ಎಂದು ಪಿಸುಗುಟ್ಟಿ ಅದನ್ನು ಚೀಲಕ್ಕೆ ತುರುಕಿದಳು. ಒಂದು ತುಂಡು ಸೇಬಿನ ಮರವನ್ನೂ ಒಯ್ದಳು. ಮರುದಿನ ತಾನೇ ಮಾಡಿದ ಹೊಸ ಹಿಡಿ ತಂದು ನನ್ನ ಮುಂದಿಟ್ಟಳು. ನಾನು ತಿರುಪು ಬಿಗಿದೆ.

ಹೆಡ್ಲಿ ಬಂದವನೇ ಆ ಗರಗಸವನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಎಡಗೈಯಿಂದ ಸವರಿದ.

"ಇದು ನಂದಲ್ಲ."

"ನಿಂದೇ ಮಾರಾಯ. ವಯಸ್ಸಾಯ್ತಲ್ಲ, ಅರಳು ಮರಳು," ಎಂದೆ. ನನ್ನ ನಾಲಿಗೆಗೆ ಎಲುಬಿಲ್ಲ.

"ರೆಗ್, ನೀನು ಸುಮ್ನೆ ಕೇಕ್ ತಿನ್ಕೊಂಡಿರು." ಮಗಳತ್ತ ತಿರುಗಿದ. "ನಿನ್ನೆ ನಾನು ಕೊಟ್ಟಿದ್ದೆಲ್ಲೇ?"

ಅವಳು ಚೀಲದಿಂದ ತೆಗೆದುಕೊಟ್ಟಳು. "ತಪ್ಪಾಯ್ತಪ್ಪ. ಎಲ್ರೆದುರಿಗೆ ನಿನ್ನ ಮರ್ಯಾದೆ ಹೋಗ್ಬಾರ್ದು ಅಂತ..."

"ಎಳೆ ಅಡ್ಡ ಹಾಕಿದ್ದು ಬೇಕಂತ್ಲೇ ಕಣೇ."

"ಬೇಕಂತ?"

"ಮತ್ತೇನು ಮಾಡ್ಲಿ? ಮೊದಮೊದ್ಲು ಕೈ ಸೋತು ಕೆಡ್ತಿತ್ತು. ಆಮೇಲೆ ನಾನೇ ಕೆಡಿಸ್ದೆ. ದಿನಾ ಬಂದು ಆ ಮೊಳೆ ನೋಡ್ತಿದ್ದೆ. ಇವತ್ತಾದ್ರೂ ನೇತಾಕ್ತಾಳೆ, ಇವತ್ತಾದ್ರೂ ನನ್ನನ್ನ ಮನೆಗೆ ಕಳಿಸ್ತಾಳೆ ಅಂತ. ನೀನು ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ದೆ."

"ಬಾಯ್ಬಿಟ್ಟು ಹೇಳ್ಬಾರ್ದಿತ್ತಾ ಅಪ್ಪ?"

"ಹೇಳಿ ಮೈಗಳ್ಳ ಅನ್ನಿಸ್ಕೊಳ್ಲಾ? ಅದೂ ಇವನ ಬಾಯಲ್ಲಿ?" ಎಂದು ಗದ್ದದಿಂದ ನನ್ನನ್ನು ತೋರಿಸಿದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅವನು ಮಗಳು ಮಾಡಿದ ಹಿಡಿಯನ್ನು ಮತ್ತೊಮ್ಮೆ ನೋಡಿದ. "ಹಾಳಾದ್ದು, ನಂದಕ್ಕಿಂತ ಚೆನ್ನಾಗಿದೆ," ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಏವಿಸ್ ಅಳುತ್ತಲೇ ಸೀಮೆಸುಣ್ಣ ಹುಡುಕಿದಳು. "ಈಗ್ಲೇ ಗೆರೆ ಎಳೀತೀನಿ. ನಾಳೆಯಿಂದ ಬರ್ಲೇಬೇಡ. ಕೈಗೆ ಆರಾಮ ಸಿಕ್ರೆ ಸರಿಹೋಗುತ್ತೆ."

"ಮೊದಲ್ನೇ ಚಳಿಗಾಲದಲ್ಲೇ ಬಿಟ್ಟಿದ್ರೆ ಸರಿಹೋಗ್ತಿತ್ತಂತೆ. ಡಾಕ್ಟರು ಹೇಳಿದ್ರು."

ಅವಳು ಸೀಮೆಸುಣ್ಣ ಹಿಡಿದು ಹಾಗೇ ನಿಂತಳು. ತಾನು ಅಪ್ಪನನ್ನು ಉಳಿಸುತ್ತಿದ್ದೇನೆಂದು ಉಜ್ಜಿದ ಒಂದೊಂದು ಹಿಡಿಯೂ ಅವಳ ಕಣ್ಣ ಮುಂದೆ ಬಂದಿರಬೇಕು.

"ಅಷ್ಟೊಂದು ಕೆಟ್ಟಿದ್ಯಾ ಅಪ್ಪ ಕೈ?"

"ನೀನೇ ನೋಡು." ಬಲಗೈಯನ್ನು ಅವಳ ಮುಂದೆ ಚಾಚಿದ. "ಬೆರಳ ತುದಿ ಒತ್ತು. ಜೋರಾಗಿ, ಉಗುರಲ್ಲೇ ಒತ್ತು." ಹಾಗೆಂದು ಸೂಜಿಗೆ ಹೆದರುವ ಮಗುವಿನಂತೆ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡ.

ಏವಿಸ್ ಮೊದಲು ಮೆಲ್ಲಗೆ ಒತ್ತಿದಳು. ಆಮೇಲೆ ತನ್ನ ಉಗುರೇ ಬಿಳಿಚಿಕೊಳ್ಳುವಷ್ಟು ಬಲವಾಗಿ ಒತ್ತಿದಳು.

ಹೆಡ್ಲಿ ಹೊರಗೆ ನೋಡುತ್ತ ಸ್ವಲ್ಪ ಹೊತ್ತು ಕಾದ.

"ಒತ್ತೇ ಮಗಳೇ," ಎಂದ. "ಯಾಕೆ ಹೆದರ್ತೀಯ?"