ಬ್ರಾಂಡುರನ ರೊಪ್ಪದಲ್ಲಿ ಸ್ಟೇನ್ವೋರಳ ಮರಿಗಳು

ಆ ಕಣಿವೆಯ ಗಾಳಿಯ ಬಗ್ಗೆ ಸುಳ್ಳು ಹೇಳುವ ಅಗತ್ಯವೇ ಇಲ್ಲ, ನಿಜವೇ ಬೇಕಾದಷ್ಟಿದೆ. ಹಿಂದೊಮ್ಮೆ ಅಲ್ಲಿಯ ಪಾದ್ರಿಯ ಟೋಪಿ ಹಾರಿಹೋಗಿ, ಮೂರು ವಾರದ ಮೇಲೆ ಎದುರು ದಿಕ್ಕಿನಿಂದ ವಾಪಸು ಬಂದು ಅವನ ತಲೆಯ ಮೇಲೆಯೇ ಕೂತಿತು. ಒಳಗೆ ಹಕ್ಕಿಯೊಂದು ಎರಡು ಮೊಟ್ಟೆ ಇಟ್ಟಿತ್ತು. ಪಾದ್ರಿ ಒಳ್ಳೆಯವನು, ಮರಿಗಳಿಗೆ ರೆಕ್ಕೆ ಬಲಿಯುವ ತನಕ ಟೋಪಿ ತೆಗೆಯಲಿಲ್ಲ.

ಇಂಥ ಕಣಿವೆಯ ತುತ್ತತುದಿಯಲ್ಲಿ, ಒಂಬತ್ತು ವರ್ಷ ಪಾಳುಬಿದ್ದಿದ್ದ ಕಾಲ್ದಹೋಲ್ ಎಂಬ ಮನೆಯನ್ನೂ ಅದರ ಹುಲ್ಲುಗಾವಲನ್ನೂ ಸ್ಟೇನ್ವೋರ್ ಕೊಂಡುಕೊಂಡಳು. ವಯಸ್ಸು ನಲವತ್ತನಾಲ್ಕು. ಹಿಂದೆ ಮುಂದೆ ಯಾರೂ ಇಲ್ಲ. ಅಲ್ಲಿಯವರೆಗೆ ಕಡಲತೀರದ ಊರಿನಲ್ಲಿ ಹೆರಿಂಗ್ ಮೀನಿಗೆ ಉಪ್ಪು ತುಂಬುವ ಕೆಲಸ ಮಾಡುತ್ತಿದ್ದಳು. ಒಂದೇ ಅಟ್ಟದ ಮೇಲೆ ನಲವತ್ತು ಹೆಂಗಸರ ನಡುವೆ ಮಲಗಿ, ಯಾರ ಜೊತೆಗೂ ಮನಸ್ಸು ಬಿಚ್ಚಿ ಮಾತಾಡದೆ ಇಪ್ಪತ್ತಮೂರು ವರ್ಷ ಕಳೆದಿದ್ದಳು. ಮಾತಿಲ್ಲದೆಯೇ ಬದುಕುವುದಾದರೆ ಸ್ವಂತ ಸೂರಿನ ಕೆಳಗೆ ಬದುಕೋಣ ಅಂದುಕೊಂಡು ಬಂದವಳು ಅವಳು.

ಪಕ್ಕದ ಕಣಿವೆಯಿಂದ ಹಾಲಿಗೆ ಒಂದು ಹಸುವನ್ನೂ ಹದಿನಾಲ್ಕು ಹೆಣ್ಣು ಕುರಿಗಳನ್ನೂ ತಂದಳು, ಕುರಿಗಳೆಲ್ಲ ಗಬ್ಬದವು. ಅವುಗಳ ಕೊಂಬಿಗೆ ನೀಲಿ ಬಣ್ಣ ಬಳಿದಳು. ಮನೆಯ ಜೊತೆಗೆ ಅವಳಿಗೆ ಇನ್ನೊಂದು ಆಸ್ತಿಯೂ ಬಂದಿತ್ತು: ಕಾಲ್ದಹೋಲಿನ ಕಿವಿಗುರುತು. ಅಲ್ಲಿ ಬೇಸಿಗೆಯಿಡೀ ಎಲ್ಲರ ಕುರಿಗಳೂ ಬೆಟ್ಟದ ಮೇಲೆ ಬೆರೆತು ಮೇಯುತ್ತವೆ. ಯಾವುದು ಯಾರದು ಅಂತ ಹೇಳುವುದು ಮರಿಯ ಕಿವಿ ಒಂದೇ. ಯಾವ ಮನೆಯವರು ಕಿವಿಯನ್ನು ಹೇಗೆ ಕೊಯ್ಯಬೇಕು ಅನ್ನುವುದೆಲ್ಲ ಗುರುತಿನ ಪುಸ್ತಕದಲ್ಲಿ ಅಚ್ಚಾಗಿದೆ. ಕಾಲ್ದಹೋಲಿನದು ಹೀಗಿತ್ತು: ಬಲಗಿವಿಯ ತುದಿ ಕತ್ತರಿಸುವುದು, ಎಡಗಿವಿಯ ಹಿಂಬದಿಗೆ ಒಂದು ಕಚ್ಚು.

ಮೇ ತಿಂಗಳಲ್ಲಿ ಕುರಿಗಳು ಈದವು. ಇಪ್ಪತ್ತೊಂದು ಮರಿ. ಸ್ಟೇನ್ವೋರ್ ಹನ್ನೆರಡು ದಿನ ಬಟ್ಟೆ ಬಿಚ್ಚದೆ ಕೊಟ್ಟಿಗೆಯಲ್ಲೇ ಮಲಗಿದಳು. ಅಷ್ಟೂ ಮರಿಗಳಿಗೆ ಹೆಸರಿಟ್ಟಳು. ಹೆಸರು ಸಾಲದೆ ಹೋದಾಗ ಅಟ್ಟದ ಮೇಲೆ ಮಲಗುತ್ತಿದ್ದ ಹೆಂಗಸರ ಹೆಸರನ್ನೇ ಇಟ್ಟಳು. ಆಮೇಲೆ ಒಂದು ಬೆಳಿಗ್ಗೆ ಪುಸ್ತಕವನ್ನು ಬಂಡೆಯ ಮೇಲೆ ಬಿಚ್ಚಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿ, ಒಂದೊಂದೇ ಮರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಅದರ ಮುಖ ನೋಡಿ ಸಮಾಧಾನ ಹೇಳುತ್ತ ಕಿವಿ ಕೊಯ್ದಳು.

ಹೊಳೆಯ ಆಚೆ ದಂಡೆಯಲ್ಲಿ ಬ್ರಾಂಡುರನ ಮನೆ. ಅವನೂ ಒಂಟಿ ಮನುಷ್ಯ, ವಯಸ್ಸು ಐವತ್ತರ ಮೇಲೆ. ಮುನ್ನೂರು ಕುರಿ, ಎರಡು ಕುದುರೆ, ವರ್ಷಕ್ಕೆ ಹನ್ನೆರಡು ಮಾತು. ಅವನ ಕಿಟಕಿಯ ದೀಪ ಇವಳಿಗೆ ಕಾಣುತ್ತಿತ್ತು, ಇವಳದು ಅವನಿಗೆ. ಚಳಿಗಾಲದಲ್ಲಿ ಒಮ್ಮೆ ಇವಳು ತೆಳ್ಳನೆ ದೋಸೆ ಹುಯ್ದು, ಸಕ್ಕರೆ ಉದುರಿಸಿ ಸುತ್ತಿ, ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಹೊಳೆಯ ತನಕ ಹೋಗಿದ್ದಳು. ಹೊಳೆ ಹೆಪ್ಪುಗಟ್ಟಿತ್ತು, ನಡೆದು ದಾಟಬಹುದಿತ್ತು. ಆಚೆಗೆ ಹೋಗಿ ಏನು ಹೇಳುವುದು ಅಂತ ಹೊಳೆಯದೆ ನಿಂತು, ದೋಸೆಗಳು ಹಂಚಿನಂತೆ ಗಡಸಾದ ಮೇಲೆ ತಿರುಗಿ ಬಂದಳು.

ಜೂನಿನಲ್ಲಿ ಮಂದೆ ಬೆಟ್ಟ ಹತ್ತಿತು. ಆ ಬೇಸಿಗೆ ಅವಳು ಒಬ್ಬಳೇ ಹುಲ್ಲು ಕೊಯ್ದು ಒಣಗಿಸಿದಳು. ಮಾತಾಡಲು ಕುರಿಯೂ ಇಲ್ಲದೆ, ಒಂದು ದಿನ ಕಾಫಿ ಕೆಟಲಿಗೆ ಬೈದಳು. ಆ ದನಿ ಯಾರದೋ ಅಂತ ತಾನೇ ಬೆಚ್ಚಿ ಬಾಗಿಲ ಕಡೆ ನೋಡಿದಳು. ಮರಿಗಳು ಕೊಬ್ಬಿ ಬೆಟ್ಟ ಇಳಿದರೆ ಅವನ್ನು ಮಾರಿದ ದುಡ್ಡಿನಲ್ಲಿ ಈ ಮನೆ ಉಳಿಯುತ್ತದೆ, ಇಲ್ಲವಾದರೆ ಮತ್ತೆ ಆ ಅಟ್ಟ, ಆ ಉಪ್ಪು. ಅವಳಿಗೆ ಬೇರೆ ಲೆಕ್ಕವೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಕುರಿ ಇಳಿಸುವ ದಿನ ಬಂತು. ಇಳಿಸುವವರ ಮುಖಂಡನಿಗೆ ಅಲ್ಲಿ ಗುಡ್ಡದರಾಜ ಅನ್ನುತ್ತಾರೆ. ಹಾಲ್ವಾರ್ ಅಂತ ಎಪ್ಪತ್ತು ದಾಟಿದ ಮುದುಕ. ಅವನು ನಶ್ಯ ಏರಿಸಿ ಒಮ್ಮೆ ಸೀನಿದರೆ ಮೂರು ಬೆಟ್ಟದ ಕುರಿ ತಾವಾಗಿಯೇ ಇಳಿಯುತ್ತವೆ, ಎರಡನೇ ಸಲ ಸೀನಿದರೆ ಪಕ್ಕದ ತಾಲ್ಲೂಕಿನವೂ ಬಂದು ಜಗಳವಾಗುತ್ತದೆ. ಹಾಗಾಗಿ ಅವನ ಹೆಂಡತಿ ನಶ್ಯವನ್ನು ಅಳೆದು ಕೊಡುತ್ತಿದ್ದಳು.

ಕಲ್ಲಿನ ದೊಡ್ಡಿ ಗಾಡಿಯ ಚಕ್ರದಂತಿತ್ತು. ನಡುವೆ ದುಂಡನೆ ಅಂಗಳ, ಸುತ್ತಲೂ ಒಂದೊಂದು ಮನೆಗೆ ಒಂದೊಂದು ರೊಪ್ಪ. ಜನ ನಡುವಿನ ಮಂದೆಗೆ ನುಗ್ಗಿ, ಕಿವಿ ತಡವಿ, ಕೊಂಬು ಹಿಡಿದು ಎಳೆದು ಅವರವರ ರೊಪ್ಪಕ್ಕೆ ತಳ್ಳುತ್ತಿದ್ದರು. ಸ್ಟೇನ್ವೋರಳಿಗೆ ನೀಲಿ ಕೊಂಬುಗಳು ಬೇಗ ಸಿಕ್ಕವು. ಹದಿಮೂರು. ಒಂದು ಬೆಟ್ಟದಲ್ಲೇ ಸತ್ತಿತ್ತು. ಆದರೆ ಮಧ್ಯಾಹ್ನವಾದರೂ ಅವಳ ರೊಪ್ಪಕ್ಕೆ ಒಂದೇ ಒಂದು ಮರಿ ಬರಲಿಲ್ಲ. ಕುರಿಗಳು ಗೋಡೆಗೆ ಎದೆಕೊಟ್ಟು ಅರಚುತ್ತಿದ್ದವು. ಅವುಗಳಿಗೆ ಉತ್ತರ ಬರುತ್ತಿದ್ದುದು ಪಕ್ಕದಿಂದ, ಬ್ರಾಂಡುರನ ರೊಪ್ಪದಿಂದ.

ಅವಳು ಗೋಡೆ ಹತ್ತಿ ಇಣುಕಿದಳು. ಒಂದು ಕಣ್ಣಿಗೆ ಮಾತ್ರ ಕಪ್ಪು ಪಟ್ಟೆಯಿದ್ದ ಬಿಳಿ ಮರಿಯೊಂದು ಅಲ್ಲಿ ನಿಂತಿತ್ತು.

"ಅದು ನನ್ನ ಮರಿ," ಅಂದಳು.

ಬ್ರಾಂಡುರ್ ಮರಿಯ ಕಿವಿ ಹಿಡಿದು ನೋಡಿದ. "ನಂದು," ಅಂದ.

"ನಾನೇ ಈಯಿಸಿದ್ದು ಅದನ್ನ. ಅದರ ಪಕ್ಕದ್ದೂ ನಂದೇ. ಆ ಕಂದು ಬಣ್ಣದ್ದೂ."

"ಗುರುತು ನಂದು." ಅವನು ಕಿವಿಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದ. "ಎಡಗಿವಿ ತುದಿ ಇಲ್ಲ, ಬಲಗಿವಿಗೆ ಕಚ್ಚು. ನಮ್ಮಜ್ಜನ ಕಾಲದಿಂದ ಇದೇ."

ಗೋಡೆಯ ಮೇಲೆ ಕೂತು ಸೀಸೆ ಹಂಚಿಕೊಳ್ಳುತ್ತಿದ್ದ ಗಂಡಸರು ಹತ್ತಿರ ಬಂದರು. "ಉಪ್ಪಿನೂರಿನ ಅಕ್ಕಾ, ಮೀನಿಗಾದ್ರೆ ಕಿವಿ ಇರಲ್ಲ, ನಿಮ್ಗೆ ರೂಢಿ ತಪ್ಪಿರಬೇಕು," ಅಂದ ಒಬ್ಬ. "ಬ್ರಾಂಡುರನ್ನ ನೋಡ್ರಪ್ಪ, ಹೆಂಗಸಿನ ಹತ್ರ ಮಾತಾಡೋಕೆ ಐವತ್ತು ವರ್ಷ ಕಾದ, ಈಗ ಮರಿ ಕದ್ದು ಶುರು ಮಾಡ್ದ," ಅಂದ ಇನ್ನೊಬ್ಬ. ಬ್ರಾಂಡುರನ ಕುತ್ತಿಗೆ ಕೆಂಪಾಯಿತು.

ಗುಡ್ಡದರಾಜ ಜನರನ್ನು ಸರಿಸಿಕೊಂಡು ಬಂದ. ಮರಿಯ ಎರಡೂ ಕಿವಿಯನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಮೆಲ್ಲಗೆ ಕೇಳಿದ: "ಕೊಯ್ವಾಗ ಇದರ ಮುಖ ಯಾವ ಕಡೆ ಇತ್ತು ತಾಯಿ?"

"ನನ್ನ ಕಡೆ."

"ನಿನ್ನ ಬಲಗೈ ಕಡೆ ಇದ್ದ ಕಿವಿನ ನೀನು ಬಲಗಿವಿ ಅಂದ್ಕೊಂಡೆ."

ಸ್ಟೇನ್ವೋರಳ ಎರಡು ಕೈಗಳೂ ತಾವಾಗಿಯೇ ಎದ್ದು, ಗಾಳಿಯಲ್ಲಿ ಇಲ್ಲದ ಮರಿಯೊಂದನ್ನು ಹಿಡಿದು, ಅದನ್ನು ಆ ಕಡೆಗೆ ತಿರುಗಿಸಿದವು. ಎಲ್ಲರಿಗೂ ಅರ್ಥವಾಯಿತು.

ನಕ್ಕರು. ಆ ನಗು ದೊಡ್ಡಿಯ ಸುತ್ತ ಮೂರು ಸುತ್ತು ಹೊಡೆಯಿತು. ಆ ಕಣಿವೆಯಲ್ಲಿ ನಾಲ್ಕು ವರ್ಷದ ಕೂಸಿಗೂ ಗೊತ್ತು, ಕುರಿಯ ಬಲ ಅಂದರೆ ಕುರಿಯದೇ ಬಲ. ಅದರ ಬೆನ್ನ ಹಿಂದೆ ನಿಂತು ನೋಡಬೇಕು. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ನೂರು ವರ್ಷದ ಹಿಂದೆ ಈ ಎರಡೂ ಮನೆಗಳಲ್ಲಿದ್ದ ಅಣ್ಣತಮ್ಮಂದಿರು ಜಗಳವಾಡಿ ಪಾಲಾದಾಗ ಒಬ್ಬನ ಗುರುತನ್ನೇ ಇನ್ನೊಬ್ಬ ಎಡಬಲ ಅದಲುಬದಲು ಮಾಡಿಕೊಂಡಿದ್ದ. ಅದನ್ನೂ ಯಾರೂ ಬರೆದಿರಲಿಲ್ಲ.

"ಇಷ್ಟೂ ನಿಂಗೆ ಯಾರೂ ಹೇಳ್ಲಿಲ್ವಾ?" ಅಂದ ಗುಡ್ಡದರಾಜ.

"ಯಾರು ಹೇಳ್ಬೇಕಿತ್ತು?" ಅಂದಳು ಸ್ಟೇನ್ವೋರ್. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವಂತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ನಗು ನಿಂತಿತು. ಬ್ರಾಂಡುರ್ ತನ್ನ ಬೂಟನ್ನು ನೋಡಿಕೊಂಡ.

"ಕಾನೂನು ಗುರುತಿನ ಕಡೆ," ಅಂದ ಗುಡ್ಡದರಾಜ. "ಅವನು ಒಪ್ಪದೇ ಇದ್ರೆ ನಾನು ಏನೂ ಮಾಡೋಕಾಗಲ್ಲ. ಏನಂತೀಯೋ ಬ್ರಾಂಡುರ್?"

ಬ್ರಾಂಡುರ್ ಮಾತು ಹುಡುಕುತ್ತಿದ್ದಾಗ ಒಬ್ಬ ಪೈಪು ತುಂಬಿ, ಸೇದಿ, ಕೊಡವಿ ಮುಗಿಸಿದ. "ತಾಯಂದಿರನ್ನೇ ಕೇಳಿ," ಅಂದ ಬ್ರಾಂಡುರ್ ಕೊನೆಗೆ.

ನಡುವಿನ ಅಂಗಳವನ್ನು ಖಾಲಿ ಮಾಡಿ ಹದಿಮೂರು ನೀಲಿ ಕೊಂಬಿನ ಕುರಿಗಳನ್ನು ಬಿಟ್ಟರು. ಬ್ರಾಂಡುರ್ ತನ್ನ ರೊಪ್ಪದ ಬಾಗಿಲನ್ನು ಗೇಣಗಲ ತೆರೆದು ಒಮ್ಮೆಗೆ ನಾಲ್ಕೈದರಂತೆ ಮರಿಗಳನ್ನು ಹೊರಗೆ ಬಿಟ್ಟ. ಕುರಿಗಳು ಕೂಗಿದವು. ಕೆಲವು ಮರಿಗಳು ಕೇಳಿಸಿಯೂ ಕೇಳದಂತೆ ತಿರುಗಾಡಿದವು; ಅವು ಬ್ರಾಂಡುರನವು. ಕೆಲವು ಬಾಣದಂತೆ ಹೋಗಿ ಮೊಲೆಗೆ ಗುದ್ದಿದವು. ಪ್ರತಿ ಸಲವೂ ಗೋಡೆಯ ಮೇಲಿದ್ದವರು "ಹ್ಞಾ, ಇದು ಉಪ್ಪಿನಕ್ಕನದು" ಅಂದರು. ಅಣಕಿಸುವ ದನಿ ಹೋಗಿತ್ತು. ಕಪ್ಪು ಪಟ್ಟೆಯದು ಬಂತು. ಕಂದು ಬಣ್ಣದ್ದು ಬಂತು. ಬಿಸಿಲು ಗುಡ್ಡದ ಅಂಚಿಗೆ ಸರಿಯುವ ಹೊತ್ತಿಗೆ ಹತ್ತೊಂಬತ್ತು ಬಂದಿದ್ದವು.

ಉಳಿದವು ಎರಡು, ಸತ್ತ ಕುರಿಯವು. ಅಪ್ಪಟ ಬಿಳಿ, ಬ್ರಾಂಡುರನ ನೂರಾರು ಬಿಳಿ ಮರಿಗಳಂತೆಯೇ. ಅವನ್ನು ಕರೆಯುವವರು ಯಾರೂ ಇರಲಿಲ್ಲ. ಸ್ಟೇನ್ವೋರ್ ರೊಪ್ಪದೊಳಗೆ ಇಳಿದು ಅವುಗಳ ಹೆಸರು ಕೂಗಿದಳು. ಒಂದೂ ತಲೆ ಎತ್ತಲಿಲ್ಲ.

"ಯಾವುದಾದ್ರೂ ಎರಡು ತಗೊಳ್ಳಿ," ಅಂದ ಬ್ರಾಂಡುರ್.

"ನನ್ನವು ಯಾವುವು ಅಂತ ನಂಗೇ ಗೊತ್ತಾಗ್ತಿಲ್ಲ. ಇರ್ಲಿ, ನಿಮ್ಮಲ್ಲೇ ಇರ್ಲಿ."

"ತಗೊಳ್ಳಿ ಅಂದೆ."

"ಬೇಡ ಅಂದೆ."

ಅದು ಆ ವರ್ಷದ ಅವನ ಮಾತಿನ ಲೆಕ್ಕವನ್ನು ಮೀರಿಹೋಗಿತ್ತು. ಆದರೂ ಅವಳು ಮಂದೆ ಹೊಡೆದುಕೊಂಡು ಹೊರಟಾಗ, ಅವನು ತನ್ನ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ, ಕುದುರೆ ಹತ್ತಿ ಹಿಂದೆ ಬಂದ. ಹೊಳೆಯ ಕಡವಿನ ತನಕ ಇಬ್ಬರೂ ಮಂದೆಯನ್ನು ನಡೆಸಿದರು. ಮರಿಗಳು ಚದುರಿದರೆ ಅವನು ಒಂದು ಪಕ್ಕದಿಂದ ಒತ್ತುತ್ತಿದ್ದ, ಅವಳು ಇನ್ನೊಂದು ಪಕ್ಕದಿಂದ.

ಕಡವಿನಲ್ಲಿ ಅವನು ಲಗಾಮು ಎಳೆದ. "ಸಾಕಿಕೊಳ್ಳೋ ಮರಿಗಳ ಕೊಂಬಿಗೆ ಮುದ್ರೆ ಸುಡ್ಬೇಕು," ಅಂದ. "ಇಲ್ದಿದ್ರೆ ಈ ಕಿವಿ ಇಟ್ಕೊಂಡು ಪ್ರತಿ ವರ್ಷ ನನ್ನ ರೊಪ್ಪಕ್ಕೇ ಬಂದು ಬೀಳ್ತವೆ. ಸಾಯೋವರೆಗೂ. ನನ್ನತ್ರ ಕಬ್ಬಿಣ ಇದೆ, ಕಳಿಸ್ಲಾ?"

ಸ್ಟೇನ್ವೋರ್ ನೀರನ್ನು ನೋಡಿದಳು. "ಬಂದು ಬಿದ್ರೆ ನೀವೇನು ಮಾಡ್ತೀರಿ?"

"ಮಾಡೋದೇನು. ನಿಮ್ಮನೆಗೆ ಹೊಡ್ಕೊಂಡು ಬರ್ಬೇಕು."

"ಹಾಗಿದ್ರೆ ಕಬ್ಬಿಣ ಬೇಡ."

ಅವನಿಗೆ ಅರ್ಥವಾಗಲು ಸಮಯ ಹಿಡಿಯಿತು. ಕುದುರೆ ನೀರು ಕುಡಿದು ಮುಗಿಸಿತು. "ಅದಕ್ಕೆ ಇನ್ನೂ ಒಂದು ವರ್ಷ ಇದೆಯಲ್ಲ," ಅಂದ.

"ಹೌದು," ಅಂದಳು ಅವಳು. ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ಕೂತಿರುವಾಗ ಅವನು ಟೋಪಿ ಮುಟ್ಟಿ, ಹೊಳೆ ದಾಟಿ ಹೊರಟುಹೋದ.

ಅವಳ ಹುಲ್ಲು ತಾಯಿಕುರಿಗಳ ಜೊತೆಗೆ ಐದು ಮರಿಗಳನ್ನು ಚಳಿಗಾಲ ದಾಟಿಸುವಷ್ಟಿತ್ತು. ಮಿಕ್ಕವನ್ನು ಮಾಂಸಕ್ಕೆ ಕಳಿಸುವ ದಿನ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅವಳು ಮುಂದಿನ ಸೆಪ್ಟೆಂಬರಿನಲ್ಲಿ ಬ್ರಾಂಡುರನ ರೊಪ್ಪಕ್ಕೆ ಬೀಳಬೇಕಾದ ಮರಿಗಳನ್ನು ಬಹಳ ಹೊತ್ತು ಆರಿಸಿದಳು. ಐದನ್ನು ಒಳಗೆ ಬಿಟ್ಟಳು. ಯೋಚಿಸಿ ಆರನೆಯದನ್ನು ಬಿಟ್ಟಳು. ಆಮೇಲೆ, ತನ್ನ ಪಾಲಿನ ಹಾಲನ್ನು ಕಡಿಮೆ ಮಾಡಿಕೊಂಡು ಹಸುವಿನ ಹುಲ್ಲಿನಿಂದ ಎಷ್ಟು ಉಳಿಸಬಹುದು ಅಂತ ಮನಸ್ಸಿನಲ್ಲೇ ಅಳೆದು ನೋಡಿ, ಏಳನೆಯದನ್ನೂ ಬಿಟ್ಟು ಬಾಗಿಲು ಹಾಕಿದಳು.