ಖಾಲಿ ಪಟ್ಟೆಯ ಪಕ್ಕದ ಹಸಿರು

ಇದಕ್ಕೆ ಬೂದು ಅಂತಾರೆ, ಯಾವ ಬೂದು, ಇದು ಮುಸುರೆ ನೀರಿನ ಬಣ್ಣ, ರಾತ್ರಿ ಪಾತ್ರೆ ನೆನೆಹಾಕಿ ಬೆಳಿಗ್ಗೆ ಎದ್ದು ನೋಡಿದರೆ ಜಿಡ್ಡು ಕಟ್ಟಿಕೊಂಡು ನಿಂತಿರುತ್ತದಲ್ಲ, ಅದೇ, ಕಂಪ್ಯೂಟರಿನ ಪರದೆಯ ಹಿಂಬದಿಗೆಲ್ಲ ಈ ಹಾಡು ಬೆರೆಸುವ ಸಾಫ್ಟ್‌ವೇರಿನವರು ಅದನ್ನೇ ಬಳಿದಿದ್ದಾರೆ, ಇನ್ನು ನಾನು ನನ್ನ ದನಿಗೂ ಅದನ್ನೇ ಬಳಿಯಬೇಕು — ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು, ಮೌಸಿನಿಂದ ಎಳೆದೆಳೆದು ನೋಡುತ್ತಿದ್ದೇನೆ, ನೀಲಿ ಒಂದು ಚೂರು ಜಾಸ್ತಿಯಾಯಿತು, ದನಿಯ ಗೆರೆ ಇನ್ನೂ ಕಾಣುತ್ತಿದೆ, ಉಬ್ಬಿ ಇಳಿದು ಉಬ್ಬಿ ಇಳಿದು, ನಾನು ಉಸಿರು ತೆಗೆದುಕೊಂಡ ಜಾಗ ಸಮೇತ ಕಾಣುತ್ತಿದೆ, ಇಳಿಸು, ಇನ್ನೂ ಇಳಿಸು — ಹಾಂ, ಹೋಯಿತು, ಸುಷ್ಮಾ ಹೋದಳು. ಮೇಲೆ ಕಮಲಮ್ಮನವರ ದನಿಯ ಪಟ್ಟೆ, ಅದರ ಕೆಳಗೆ ಖಾಲಿ, ಅದರ ಕೆಳಗೆ ಪಿಟೀಲು, ಮೃದಂಗ. ಹಾಡು ಹಾಕಿ ನೋಡಿದೆ, ಖಾಲಿ ಜಾಗ ಹಾಡುತ್ತದೆ, ಥೂ, ಎಡಗಡೆ ಮಾತ್ರ ಆ ಪುಟ್ಟ ದೀಪದ ಏಣಿ, ಪ್ರತಿ ಪಟ್ಟೆಗೂ ಒಂದೊಂದು ಇರುತ್ತದೆ, ದನಿ ಏರಿದರೆ ಏರುತ್ತದೆ ಇಳಿದರೆ ಇಳಿಯುತ್ತದೆ, ಹಸಿಮೆಣಸಿನಕಾಯಿಯ ಹಸಿರು, ನನ್ನ ಖಾಲಿ ಪಟ್ಟೆಯ ಪಕ್ಕದಲ್ಲೂ ಅದು ಚಂಗನೆ ನೆಗೆಯಿತು. ಅದನ್ನು ಮುಚ್ಚಿ ಅಂತ ವಸಿಷ್ಠ ಹೇಳಿಲ್ಲ, ನಾನೂ ನೆನಪಿಸಲಿಲ್ಲ.

ವಸಿಷ್ಠ ಅಂದರೆ ಕಮಲಮ್ಮನವರ ಮಗ, ಬ್ಯಾಂಕಿನಲ್ಲಿ ಆಫೀಸರು, ನಿನ್ನೆ ಇದೇ ಸ್ಟೂಲಿನ ಮೇಲೆ ಕೂತು ಅಡಿಕೆಪುಡಿ ಅಗಿಯುತ್ತಾ, ಹಲ್ಲಿನ ಸಂದಿಯ ಚೂರನ್ನು ನಾಲಿಗೆಯಲ್ಲಿ ಕೆದಕಿ ತೆಗೆಯುತ್ತಾ, ನೋಡಿ ಸುಷ್ಮಾ, ಅಮ್ಮನಿಗೆ ಎಪ್ಪತ್ತು ತುಂಬುತ್ತೆ, ಸಂಗೀತ ಸಭೆಯೋರು ಸನ್ಮಾನ ಇಟ್ಕೊಂಡಿದಾರೆ, ಅವತ್ತೇ ಸೀಡಿ ಬಿಡುಗಡೆ, ಮೇಲಿನ ಷಡ್ಜಕ್ಕೆ ಹೋದ್ರೆ ಅಮ್ಮನ ದನಿ ಒಡೆದು ಹೋಗ್ತಿದೆ, ನೀವೇ ಕೇಳಿದೀರಲ್ಲ, ಅವರಿಗೆ ಶ್ರುತಿಗೆ ಆಸರೆ ಇರಲಿ ಅಂತ ನೀವು ಮೊದಲು ಹಾಡಿ ಇಟ್ಟಿದ್ದಿರಲ್ಲ, ಅದನ್ನೇ ಅಮ್ಮನ ದನಿ ಕೆಳಗೆ ಬಿಟ್ಬುಡಿ, ಯಾರಿಗೂ ಗೊತ್ತಾಗಲ್ಲ ಕಣ್ರೀ, ಥೇಟ್ ಅವರ ಹಾಗೇ ಇದೆ. ಥೇಟ್ ಅವರ ಹಾಗೆ — ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಬಂತೋ ಆ ಹೋಲಿಕೆ. ಅಮ್ಮನಿಗೆ ಗೊತ್ತಾ ಅಂತ ಕೇಳಿದೆ, ಛೆ ಛೆ, ಗೊತ್ತಾದ್ರೆ ಎದೆ ಒಡ್ಕೊಂಡ್ಬುಡ್ತಾರೆ, ನಾಳೆ ಬಂದು ಕೂತು ಕೇಳ್ತಾರೆ, ಈ ಬಣ್ಣದ ಪಟ್ಟೆಗಳನ್ನೆಲ್ಲ ಈಗ ಗುರುತು ಹಿಡೀತಾರೆ ನೋಡಿ, ಅದಕ್ಕೇ ನಿಮ್ಮದೊಂದು ಕಾಣದ ಹಾಗೆ ಮಾಡಿ, ಎರಡನ್ನೂ ಬೆರೆಸಿ ಒಂದೇ ಮಾಡೋದು ಈಗಲೇ ಬೇಡ, ಅವರಿಗೇನಾದ್ರೂ ಅನುಮಾನ ಬಂದ್ರೆ ಅಲ್ಲೇ ತಗ್ಗಿಸಬಹುದು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು, ಅಮ್ಮನ ಪಟ್ಟೆಗೆ ಜರಿ ಬಣ್ಣ ಕೊಡಿ, ಮೈಸೂರು ಸಿಲ್ಕಿನ ಜರಿ, ನೋಡೋಕೂ ಒಂದು ಗೌರವ ಇರಲಿ. ಹಳದಿಗೆ ಕಂದು ಸೇರಿಸುತ್ತಾ ಹೋದೆ, ಪರದೆಯ ಮೇಲೆ ಮೂಡಿದ್ದು ಎಳೆಕೂಸಿನ ಕಕ್ಕದ ಬಣ್ಣ, ಅವನು ಮತ್ತೆ ಒಳಗೆ ಬಂದು ಬಾಗಿ ನೋಡಿ, ಆಹಾ, ಭಾಳ ರಿಚ್ಚಾಗಿದೆ ಕಣ್ರೀ. ಎಲ್ಲದಕ್ಕೂ ಹೂಂ ಅಂದೆ ನಾನು. ಯಾಕೆ ಹೂಂ ಅಂದೆ? ಆ ಮುದುಕಿಗೆ ನೋವಾಗಬಾರದು ಅಂತ, ಅಷ್ಟೇ, ಇಲ್ಲ, ಅಷ್ಟೇ ಅಲ್ಲ.

ಆಕ್ಷಿ — ಕೆಳಗೆ ಅಪ್ಪ ಮೂಟೆ ಬಿಚ್ಚಿಸಿದ ಅಂತ ಕಾಣುತ್ತದೆ, ಬ್ಯಾಡಗಿಯೋ ಗುಂಟೂರೋ, ಘಾಟು ಮೆಟ್ಟಿಲು ಹತ್ತಿ ಬರುತ್ತದೆ, ಮಂಡಿ ಮೊಹಲ್ಲಾದಲ್ಲಿ ಮೆಣಸಿನಕಾಯಿ ಮಂಡಿಯ ಅಟ್ಟದ ಮೇಲೆ ಸ್ಟುಡಿಯೋ ಮಾಡಿದ್ದೇ ಹುಚ್ಚು, ಕಿಟಕಿಗೆ ಕಂಬಳಿ ಬಡಿದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸುವಾಗ ಅಪ್ಪ ಬಂದು ನಿಂತು, ಏನ್ ಮಗಾ ಇದು, ಲಿಂಗ ಕಟ್ಕೊಂಡೋರ ಅಟ್ಟದಲ್ಲಿ ಮೊಟ್ಟೆ ತಟ್ಟೆ, ಶಿವಶಿವಾ ಅಂದಿದ್ದ, ಆಮೇಲೆ ಹೋಗ್ಲಿ ಬುಡು, ಖಾಲಿ ತಟ್ಟೆ ತಾನೇ. ಪಾಪ, ಅವನ ಮಂಡಿಯನ್ನೇ ನನ್ನ ಗಂಟಲಲ್ಲಿ ಕಂಡುಹಿಡಿದರು ಕಮಲಮ್ಮ. ನಾನು ಪಾಠಕ್ಕೆ ಹೋಗುತ್ತಿದ್ದ ಅವರ ಸರಸ್ವತಿಪುರಂ ಮನೆಯ ನಡುಮನೆ, ಗೋಡೆಯಲ್ಲಿ ಅವರ ತಂದೆ ವೆಂಕಟಸುಬ್ಬಯ್ಯನವರ ಫೋಟೋ, ಅರಮನೆಯ ಪೇಟ, ಅರಮನೆಯ ಶಾಲು, ಹುಡುಗಿಯರೆಲ್ಲ ಚಾಪೆಯ ಮೇಲೆ, ನನಗೆ ಹೊಸ್ತಿಲ ಪಕ್ಕ, ನನ್ನ ನೀರಿನ ಲೋಟ ಬೇರೆ, ಅದು ಕಿಟಕಿಯ ಮೇಲೆ ಇರುತ್ತಿತ್ತು, ಅದರೊಳಗೆ ಒಂದು ದಿನ ಸತ್ತ ಜಿರಲೆ. ಕಲ್ಯಾಣಿ ಹಾಡಿದೆ, ಚೆನ್ನಾಗಿ ಹಾಡಿದೆ, ನನಗೆ ಗೊತ್ತು ಚೆನ್ನಾಗಿ ಹಾಡಿದೆ, ಕಮಲಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, ಶಾರೀರ ಇದೆ ಕಣೇ ನಿನಗೆ, ಇಲ್ಲ ಅನ್ನಲ್ಲ, ಆದರೆ ಗಂಟಲಲ್ಲಿ ಮಂಡಿ ಇದೆ, ಮೆಣಸಿನಕಾಯಿ ಘಾಟು, ನೀನು ತಂಬೂರಿ ಹಿಡ್ಕೋ ಸಾಕು. ಹುಡುಗಿಯರು ಕಿಸಕ್ಕೆಂದರು. ಅವರಲ್ಲೊಬ್ಬಳು, ಅನನ್ಯ, ತಪ್ಪು ಸ್ವರ ಹಾಡಿದರೂ ಭೇಷ್, ನನಗೆ ಒಂದು ದಿನ, ಒಂದೇ ಒಂದು ದಿನ ಭೇಷ್ ಇಲ್ಲ, ಕಚೇರಿಗಳಲ್ಲಿ ಅವರ ಬೆನ್ನ ಹಿಂದೆ ತಂಬೂರಿ ಮೀಟುತ್ತಾ ಅವರ ರವಿಕೆಯ ಬೆವರು ಹರಡುವುದನ್ನು ನೋಡಿಕೊಂಡು ಕೂತೆ, ತುಟಿ ಅಲ್ಲಾಡಿಸಕೂಡದು, ಮದುವೆ ಬೇಡ ಅಂದೆ, ಅಂಗಡಿ ಬೇಡ ಅಂದೆ, ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಈ ಕಂಪ್ಯೂಟರು ಕಲಿತೆ, ಎಲ್ಲ ಬಂತು, ಆ ಎರಡಕ್ಷರ ಬರಲಿಲ್ಲ. ಅದಕ್ಕೇ ಹೂಂ ಅಂದೆ. ಅವರ ಕಿವಿಗೆ ಬೀಳಲಿ, ಯಾರದ್ದೆಂದು ಗೊತ್ತಿಲ್ಲದೆಯಾದರೂ ಬೀಳಲಿ. ನಾಚಿಕೆ ಇಲ್ಲ ನನಗೆ.

ಬಂದರು ಕಮಲಮ್ಮ. ಮೆಟ್ಟಿಲಲ್ಲೇ ಕೆಮ್ಮು, ವಸಿಷ್ಠನ ತೋಳು ಹಿಡಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಏನೇ ಇದು ಘಾಟು, ನಿಮ್ಮಪ್ಪ ಇನ್ನೂ ಮಂಡಿ ಮುಚ್ಚಿಲ್ವೇ, ಇಲ್ಲಮ್ಮಾ ಕೂತ್ಕೊಳ್ಳಿ, ಅಂದೆ, ಅವರು ಪರದೆ ನೋಡಿ, ಎಲ್ಲೇ ನನ್ನದು, ಈ ಹಳದೀದೇ, ಪರವಾಗಿಲ್ಲ, ಲಕ್ಷಣವಾಗಿದೆ, ಇದು ಪಿಟೀಲು, ಇದು ಮೃದಂಗ, ಇದ್ಯಾಕೆ ಮಧ್ಯ ಜಾಗ ಬಿಟ್ಟಿದೀಯಾ? ಕಣ್ಣಿಗೆ ಬೇರೆ ಬೇರೆ ಕಾಣಲಿ ಅಂತಮ್ಮಾ — ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು. ಹಾಕಿದೆ, ವೆಂಕಟಸುಬ್ಬಯ್ಯನವರೇ ಕಟ್ಟಿದ ಕೀರ್ತನೆ, ನನ್ನ ಕೈ ನನ್ನ ಪಟ್ಟೆಯ ಮೇಲೆ, ಅವರು ಒಂದು ಚೂರು ಮುಖ ಗಂಟಿಕ್ಕಿದರೆ ತಗ್ಗಿಸಬೇಕು, ಅವರ ಒಡಕು ದನಿ ನಡೆಯುತ್ತದೆ, ಕೆಳಗೆ ನಾನು ಹೆಗಲು ಕೊಟ್ಟು ನಡೆಯುತ್ತೇನೆ, ಖಾಲಿಯ ಪಕ್ಕ ಹಸಿರು ಮೆಲ್ಲಗೆ ಏರಿಳಿಯುತ್ತದೆ, ಅವರು ಕಣ್ಣು ಮುಚ್ಚಿದ್ದಾರೆ, ತೊಡೆಯ ಮೇಲೆ ತಾಳ, ಪಲ್ಲವಿ ಮುಗಿಯಿತು, ಅನುಪಲ್ಲವಿ, ಮೇಲೆ, ಇನ್ನೂ ಮೇಲೆ, ಅವರ ದನಿ ಕೈಬಿಟ್ಟಿತು, ಒಡೆಯಿತು, ನಾನು ನಿಂತೆ, ಮೇಲಿನ ಷಡ್ಜದಲ್ಲಿ ನಾನೊಬ್ಬಳೇ ನಿಂತೆ, ಹಸಿರು ಚಂಗನೆ ತುದಿಗೆ — ಭೇಷ್.

ಅಂದರು. ಕಣ್ಣು ಮುಚ್ಚಿಕೊಂಡೇ ಅಂದರು, ತಂತಾನೇ ಬಾಯಿಂದ ಬಿತ್ತು, ನನ್ನ ಮೈಯೆಲ್ಲ ಜುಂ ಅಂದಿತು, ಥೂ ನನ್ನ ಮೈಯೇ, ಇಷ್ಟಕ್ಕೇ ಕುಣಿದುಬಿಟ್ಟೆಯಾ. ಆಮೇಲೆ ಕಣ್ಣು ಬಿಟ್ಟರು, ಹಳದಿಯನ್ನು ನೋಡಲಿಲ್ಲ, ಸೀದಾ ಆ ಹಸಿರನ್ನು ನೋಡಿದರು, ಅರಿಸಿನ ಹಿಡಿದ ಉಗುರಿನ ಬೆರಳನ್ನು ಗಾಜಿಗೇ ಒತ್ತಿ, ಇಲ್ಲಿ ಯಾರೇ ಹಾಡ್ತಿರೋದು? ಹಾಡು ನಿಲ್ಲಿಸಿದೆ. ವಸಿಷ್ಠ ಅವಸರದಲ್ಲಿ, ಯಾರೂ ಇಲ್ಲಮ್ಮಾ, ಕಂಪ್ಯೂಟರ್ ಅಲ್ವೇ, ಅದು ಹಾಗೇ ಕುಣೀತಿರುತ್ತೆ. ಸುಮ್ನಿರೋ, ನಾನು ಕಲಿಸಿದ್ದು ನನಗೆ ಗೊತ್ತಾಗಲ್ವೇನೋ. ಅಯ್ಯೋ ದೇವರೇ, ಗೊತ್ತಾಯಿತು, ಈಗ ಎದ್ದು ಹೋಗುತ್ತಾರೆ, ಬೈಯುತ್ತಾರೆ, ಕೆನ್ನೆಗೆ ಹೊಡೆಯುತ್ತಾರೆ, ಹೊಡೆಯಲಿ, ಸುಷ್ಮಾ ಅನ್ನಲಿ ಒಂದು ಸಲ, ಇದು ಸುಷ್ಮಾ ಅನ್ನಲಿ ಮಗನೆದುರು, ಅಷ್ಟು ಸಾಕು, ಪಟ್ಟೆಗೆ ನಾನು ಕೇಸರಿ ಬಳಿಯುತ್ತೇನೆ, ಗುಲಾಬಿ ಬಳಿಯುತ್ತೇನೆ — ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು, ತುಟಿಯ ಮೂಲೆಯಲ್ಲಿ ಬಿಳಿ ಎಂಜಲು. ಇರಲಿ, ಅಂದರು. ಚೆನ್ನಾಗಿ ಕೂತಿದೆ, ಹಾಗೇ ಇರಲಿ. ಸಂಜೆ ಸಭೆಯೋರೂ ನೋಡೋಕೆ ಬರ್ತಾರೆ, ಈ ಹಸಿರೊಂದು ಕಾಣಿಸ್ತಿದೆ ನೋಡು, ಇದಕ್ಕೂ ಬಣ್ಣ ಬಳಿದುಬಿಡು ಕಣೇ.

ಎದೆ ಒಡೆದುಕೊಳ್ಳುವವರು ಇವರೇ, ಇವರಿಗೇ ನೋವಾಗಬಾರದೆಂದು ನಾನು ನೀಲಿಯನ್ನು ಚೂರು ಚೂರೇ ಇಳಿಸುತ್ತಾ ಕೂತಿದ್ದೆ, ವಸಿಷ್ಠನಿಗೆ ನಗು ಬಂದಿದೆ, ಅಪ್ಪಾ ಬದುಕಿದೆ ಅನ್ನುವ ನಗು, ಅಡಿಕೆ ಕಚ್ಚಿದ ಹಲ್ಲು, ಆ ಭೇಷ್ ಇನ್ನೂ ನನ್ನ ಕಿವಿಯಲ್ಲಿದೆ, ನೀರಿನಲ್ಲಿ ಜಿರಲೆ ಇದ್ದ ಹಾಗಿದೆ, ಉಗುಳಬೇಕು ಅನ್ನಿಸುತ್ತದೆ, ನುಂಗಿಯಾಗಿದೆ. ಕೈ ಆಗಲೇ ಪರದೆಯ ಬಣ್ಣದ ಡಬ್ಬಿ ತೆರೆದಿದೆ, ದೀಪದ ಬಣ್ಣಕ್ಕೂ ಒಂದು ಮನೆ ಇದೆ ಇಲ್ಲಿ, ಕೆಂಪು, ಹಸಿರು, ನೀಲಿ, ಅದೇ ಮೂರು, ಎರಡು ನಿಮಿಷದ ಕೆಲಸ, ಮುಸುರೆ ನೀರಿನ ಬಣ್ಣ ನನಗೆ ಈಗ ಬಾಯಿಪಾಠ, ಅವರ ಕನ್ನಡಕ ಪರದೆಗೆ ಬಾಗಿದೆ, ಆಯ್ತೇನೇ? ಡಬ್ಬಿ ಮುಚ್ಚಿದೆ. ಅದಕ್ಕೆ ಬರಲ್ಲಮ್ಮಾ, ಅಂದೆ. ಬರಲ್ಲ ಅಂದ್ರೆ? ಅದಕ್ಕೊಂದಕ್ಕೆ ಬಣ್ಣ ಬದಲಾಯಿಸೋಕೆ ಬರಲ್ಲ ಈ ಕಂಪ್ಯೂಟರಿನಲ್ಲಿ. ಹಾಗಂದ್ರೆ ಹೇಗೇ, ಕೇಳಿದೋರಿಗೆ ಏನು ಹೇಳೋದು? ಹಾಡು ಮತ್ತೆ ಹಾಕಿದೆ, ಅನುಪಲ್ಲವಿಗೆ, ಕೆಳಗೆ ಅಪ್ಪ ಯಾರಿಗೋ ಕೂಗುತ್ತಿದ್ದಾನೆ, ಘಾಟು ಹತ್ತಿ ಬರುತ್ತಿದೆ, ಅವರು ಸೆರಗು ಮೂಗಿಗೆ ಒತ್ತಿಕೊಂಡರು, ಒತ್ತಿಕೊಳ್ಳಲಿ, ಮೇಲೆ, ಇನ್ನೂ ಮೇಲೆ, ಅವರದು ಒಡೆಯಿತು, ಖಾಲಿ ಪಟ್ಟೆ, ಪಕ್ಕದಲ್ಲಿ ಹಸಿರು ಚಂಗನೆ ತುದಿಗೆ, ತುದಿಯಲ್ಲೇ ನಿಂತಿದೆ, ಹಸಿರು, ಖಾಲಿಯ ಪಕ್ಕ, ಹಸಿರು —