ಫ್ಲಾಪಿಗೆ ಬಳಿದ ಕುಂಕುಮ

ಕರ್ ಕರ್ — ರಾಗಿಕಲ್ಲಿಗೆ ಮರಳು ಸಿಕ್ಕಿದ ಹಾಗೆ, ಕಂಪ್ಯೂಟರಿನ ಹೊಟ್ಟೆಯೊಳಗೆ ಕುಮಾರಿಯ ಫ್ಲಾಪಿ ತಿರುಗುತ್ತಿದೆ, ತೆರೆಯಲಿ, ಮಾದಪ್ಪಾ ತೆರೆಯಲಿ, ಚಾಮರಾಜನಗರದ ಈ ನರ್ಸಿಂಗ್ ಶಾಲೆಗೆ ಸೇರಿದಾಗಿನಿಂದ ಅವಳು ಮಾಡಿಸಿದ ಹೆರಿಗೆ, ಕಟ್ಟಿದ ಗಾಯ, ಕೊಟ್ಟ ಇಂಜೆಕ್ಷನ್ ಎಲ್ಲ ಅದರೊಳಗೇ, ಅದು ಕಂಡರೆ ಪಾಸು, ಪುಣಜನೂರಿನ ಆಸ್ಪತ್ರೆಯಲ್ಲಿ ಕೆಲಸ, ಕಾಣದಿದ್ದರೆ ಅವ್ವನ ಜೊತೆ ಗೌಡರ ಅರಿಶಿನದ ಹೊಲ — ಬರುತ್ತಿಲ್ಲ, ಪರೀಕ್ಷೆಗೆ ಬಂದ ಸಾಹೇಬರು ಮತ್ತೆ ಗುಂಡಿ ಒತ್ತುತ್ತಾರೆ, ಬರುತ್ತಿಲ್ಲ, ಹೇಗೆ ಬಂದೀತು, ಆಯುಧಪೂಜೆಯ ದಿನ ಗುಮಾಸ್ತ ಗುರುಮಲ್ಲಯ್ಯ ಎಲ್ಲರ ಫ್ಲಾಪಿಗಳನ್ನೂ ಕತ್ತರಿ ಸಿರಿಂಜುಗಳ ಜೊತೆ ಬಾಳೆಎಲೆಯ ಮೇಲೆ ಸಾಲಾಗಿಟ್ಟು, ಕುಂಕುಮ ಬಳಿದು, ತೀರ್ಥ ಚಿಮುಕಿಸಿ, ಹಾಗೇ ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲವೆ, ಅಯ್ಯಾ ನಂದೊಂದ ಬುಟ್ಬುಡಿ, ಕುಂಕ್ಮ ಒಳಿಕ್ಕೋಯ್ತದೆ ಅಂದಿದ್ದಳು, ಏನಂದ ಅವನು — ಸುಮ್ನಿರಮ್ಮಿ, ನೀ ಮುಟ್ಟುದ್ರೆ ಕೆಡ್ತದೆ, ದ್ಯಾವ್ರು ಮುಟ್ಟುದ್ರೆ ಕೆಟ್ಟದಾ — ಎಲ್ಲರೂ ನಕ್ಕರು, ಅವಳೂ ನಕ್ಕಳು, ಯಾಕೆ ನಕ್ಕಳು, ಥೂ. ಸಹಪಾಠಿ ಸುಧಾಮಣಿಯದೂ ಈಗ ತಾನೇ ಹೀಗೇ ಕರಕರ ಅಂತು, ಅವಳಿಗೇನು, ಗುಂಡ್ಲುಪೇಟೆಯಲ್ಲಿ ಅಪ್ಪನದೇ ಕಂಪ್ಯೂಟರ್ ಟೈಪಿಂಗ್ ಅಂಗಡಿ, ಬ್ಯಾಗಿನಿಂದ ಫ್ಲಾಪಿಯ ಇನ್ನೊಂದು ಪ್ರತಿ ತೆಗೆದುಕೊಟ್ಟು ಪಾಸಾದಳು. ಕುಮಾರಿ ಕೈಯಾರೆ ಬರೆದ ರೆಕಾರ್ಡು ಪ್ರಿನ್ಸಿಪಾಲ್ ಚಂದ್ರಮತಿ ಮೇಡಂ ಮಾತಿನ ಮೇಲೆಯೇ ಆಗಲೇ ರದ್ದಿಗೆ ಹೋಗಿತ್ತು, ಎಲ್ಲಾ ಕಂಪ್ಯೂಟರಿಗೆ ಏರಿಸಿ ಆಯ್ತಲ್ಲ, ಇನ್ನು ಈ ಧೂಳು ಯಾಕೆ ಅಂದಿದ್ದರು, ಅದೇ ಮೇಡಂ ಈಗ ಕಿಟಕಿಯಾಚೆ ನೋಡುತ್ತ ನಿಂತಿದ್ದಾರೆ. ಸಾರ್, ಎಲ್ಲ ನಾನೇ ಮಾಡ್ಸಿವ್ನಿ ಸಾರ್. ಇದರಲ್ಲಿ ಇಲ್ವಲ್ಲಮ್ಮ, ನಿನ್ನ ಬಾಯಿಮಾತು ನಂಬಿ ಸಹಿ ಹಾಕ್ಲಾ, ಮುಂದಿನ ವರ್ಷ ಹೊಸದಾಗಿ ಮಾಡು. ಹೊಸದಾಗಿ! ಹುಟ್ಟಿದ ಮಕ್ಕಳನ್ನು ಹೊಟ್ಟೆಗೆ ವಾಪಸು ಕಳಿಸಲೇ? ಅವ್ವ ಮೂಗಮ್ಮ ಕಳೆ ಕೀಳುತ್ತ ಅನ್ನುತ್ತಿದ್ದಳು, ನೀ ನರ್ಸಮ್ಮ ಆಗ್ಬುಡು ಕಣಮ್ಮಿ, ಗೌಡ್ರ ಸೊಸೇರ ಹೆರಿಗೇಗೂ ನಿನ್ನೇ ಕರೀಬೇಕು, ಆಗ ಯಾವ ಬಾಗ್ಲಲ್ಲಿ ಒಳಿಕ್ಕೆ ಬುಡ್ತಾರೋ ನೋಡೇಬುಡ್ತೀನಿ — ಬಿಟ್ಟರವ್ವಾ, ಹಿತ್ತಿಲ ಬಾಗಿಲಲ್ಲಿ ಬಿಟ್ಟರು, ಹಳ್ಳಿ ಪೋಸ್ಟಿಂಗಿನಲ್ಲಿ ಹೆರಿಗೆಗೆ ಹೋದಾಗ, ತೆರಕಣಾಂಬಿಯ ಇನ್ನೊಬ್ಬ ಗೌಡರ ಮನೆಯಲ್ಲಿ, ಬೇಕಾದರೆ ಅವರನ್ನೇ ಕೇಳಿ ಸಾರ್ ಅನ್ನಬೇಕು, ಕೇಳಿದರೆ ಅವರು ತಾನೇ ಅವಳು ಮುಟ್ಟಿದಳೆಂದು ಒಪ್ಪಿಯಾರೆ, ಉಸಿರಿಲ್ಲದೆ ನೀಲಿಗಟ್ಟಿ ಬಂದ ಮಗು, ಬಾಯಿಗೆ ಬಾಯಿಟ್ಟು ಊದಿದಳು, ಅತ್ತಿತು, ಬಿಸಿನೀರಲ್ಲಿ ತೊಳೆದು ಬಟ್ಟೆ ಸುತ್ತಿ ಅದರ ಅಜ್ಜಿಯ ಕಡೆ ನೀಡಿದರೆ — ಕೈಗ್ ಕೊಡ್ಬ್ಯಾಡ, ಕೆಳಗ್ ಮಡುಗು — ನೆಲದ ಮೇಲೆ ಮಗು, ಬಟ್ಟೆ ಬಿಚ್ಚಿ ಅಜ್ಜಿ ತಂಬಿಗೆ ಎತ್ತುತ್ತಾಳೆ, ಆಗಷ್ಟೇ ತೊಳೆದ ಮಗುವಿಗೆ, ಕುಮಾರಿಯ ಬೆರಳು ತಾಗಿದಲ್ಲೆಲ್ಲ ತಣ್ಣೀರು, ಹಣೆಗೆ, ಎದೆಗೆ, ಮಗು ಕಿರುಚುತ್ತಿದೆ, ಇನ್ನೊಂದು ತಂಬಿಗೆ, ಅಂಗಾಲಿಗೆ, ಇನ್ನೊಂದು, ತುಟಿಗೆ, ಇನ್ನೊಂದು ತಂಬಿಗೆ —